ಅಜ್ಜಿಯ ಸೂಪರ್ ವೀಸಾ: ದಾಖಲೆಯ ವಿಷಯದಲ್ಲಿ ಸಹಾಯ ಬೇಕು

ಎಲ್ಲರಿಗೂ ನಮಸ್ಕಾರ. ಅಪ್ಪ, ಅಮ್ಮ, ಅಜ್ಜಿ ಮೂವರನ್ನೂ ಕೆನಡಾಕ್ಕೆ ಕರೆಸಿಕೊಳ್ಳಲು ಸೂಪರ್ ವೀಸಾಕ್ಕೆ ಅರ್ಜಿ ಹಾಕುತ್ತಿದ್ದೇನೆ. ಒಮ್ಮೆ ಬಂದರೆ 5 ವರ್ಷದವರೆಗೆ ಇರಬಹುದಲ್ಲ, ಅದಕ್ಕೇ ಸಾಮಾನ್ಯ ಸಂದರ್ಶಕ ವೀಸಾ ಬೇಡವೆನಿಸಿತು. ಆಹ್ವಾನ ಪತ್ರ, ಆದಾಯದ ದಾಖಲೆ ಸಿದ್ಧವಾಗಿವೆ.

ತೊಡಕಿರುವುದು ಅಜ್ಜಿಯದರಲ್ಲಿ. ಅವರು ನನ್ನ ಅಜ್ಜಿಯೆಂದು ತೋರಿಸಲು ಅಪ್ಪನ ಜನನ ಪ್ರಮಾಣಪತ್ರವೂ ಬೇಕು. ಆ ಕಾಲದಲ್ಲಿ ಅದನ್ನು ಮಾಡಿಸಿದವರಾದರೂ ಯಾರು? ಅಪ್ಪನ ಪಾಸ್‌ಪೋರ್ಟ್‌ನಲ್ಲಿ ತಾಯಿಯ ಹೆಸರು ‘ಲಕ್ಷ್ಮಮ್ಮ’ ಎಂದಿದೆ, ಅಜ್ಜಿಯದರಲ್ಲಿ ‘ಲಕ್ಷ್ಮೀದೇವಿ’. ಇಬ್ಬರೂ ಒಬ್ಬರೇ ಎಂದು ನೋಟರಿಯಿಂದ ಅಫಿಡವಿಟ್ ಮಾಡಿಸಿದರೆ ಒಪ್ಪುತ್ತಾರೆಯೇ? ವಂಶವೃಕ್ಷ ಯಾರಾದರೂ ಕೊಟ್ಟಿದ್ದೀರಾ?

ಇನ್ನೊಂದು, ಕನಿಷ್ಠ 1 ಲಕ್ಷ ಕೆನಡಿಯನ್ ಡಾಲರ್ ರಕ್ಷಣೆಯ ಆರೋಗ್ಯ ವಿಮೆ. ಅಜ್ಜಿಗೆ ಸಕ್ಕರೆ ಕಾಯಿಲೆಯಿದೆ. ಮೊದಲಿನಿಂದಿರುವ ಕಾಯಿಲೆಗೂ ಅನ್ವಯಿಸುವಂತೆ ವಿಮೆ ಮಾಡಿಸಿದವರು ದಯವಿಟ್ಟು ತಿಳಿಸಿ. ಏಜೆಂಟರ ಸಂಖ್ಯೆ ಬೇಡ, ಸ್ವಂತ ಅನುಭವ ಸಾಕು.