ಅಮ್ಮನೂ ಸೇರಿ ಐದು ಜನ: ಹಗುರವಾದ ಹೈಬ್ರಿಡ್ ಟ್ರೇಲರ್ ಕೊಳ್ಳಬಹುದೇ?

ಸಾಗರದವಳು, ನೋವೈ, ಮಿಷಿಗನ್

ಎಲ್ಲರಿಗೂ ನಮಸ್ಕಾರ. ಟ್ರೇಲರ್ ಎಳೆದು ಅನುಭವವಿರುವವರಿಂದ ಸಲಹೆ ಬೇಕಾಗಿದೆ. ಸ್ವಲ್ಪ ಉದ್ದವಾಯಿತು, ದಯವಿಟ್ಟು ಪೂರ್ತಿ ಓದಿ.

ನಾಲ್ಕು ಬೇಸಿಗೆಗಳಿಂದ ಡೇರೆ ಹಾಕಿಕೊಂಡು ಕ್ಯಾಂಪಿಂಗ್ ಮಾಡುತ್ತಿದ್ದೇವೆ. ನಾನು, ನಮ್ಮ ಯಜಮಾನರು, ಒಂಬತ್ತು ವರ್ಷದ ಮಗಳು, ಐದು ವರ್ಷದ ಮಗ. ಕಳೆದ ವರ್ಷದಿಂದ ಅಮ್ಮ ಬೇಸಿಗೆಯ ಆರು ತಿಂಗಳು ಸಾಗರದಿಂದ ಬಂದು ನಮ್ಮ ಜೊತೆ ಇರುತ್ತಾರೆ. ಅವರಿಗೆ 68 ವರ್ಷ, ಎರಡೂ ಮಂಡಿ ನೋವು. ಹೋದ ಆಗಸ್ಟ್‌ನಲ್ಲಿ ಸ್ಲೀಪಿಂಗ್ ಬೇರ್ ಡ್ಯೂನ್ಸ್‌ನ ಡಿ.ಎಚ್. ಡೇ ಕ್ಯಾಂಪ್‌ಗ್ರೌಂಡ್‌ನಲ್ಲಿ ಇಳಿದುಕೊಂಡಿದ್ದೆವು. ರಾತ್ರಿ ಎರಡು ಗಂಟೆಗೆ ಮಳೆ ಶುರುವಾಯಿತು. ಅದೇ ಹೊತ್ತಿಗೆ ಅಮ್ಮನಿಗೆ ಶೌಚಾಲಯಕ್ಕೆ ಹೋಗಬೇಕಾಯಿತು. ನೆಲದ ಹಾಸಿಗೆಯಿಂದ ಏಳಲಾಗದೆ ನನ್ನ ಎರಡೂ ಭುಜ ಹಿಡಿದು ಎದ್ದರು. ಒಂದು ಕೈಯಲ್ಲಿ ಟಾರ್ಚ್, ಇನ್ನೊಂದರಲ್ಲಿ ಛತ್ರಿ ಹಿಡಿದುಕೊಂಡು ಒದ್ದೆ ಮರಳಿನಲ್ಲಿ ಹೋಗಿ ಬಂದೆವು. ಒಂದು ಮಾತೂ ಗೊಣಗಲಿಲ್ಲ. ಆದರೆ ಮುಂದಿನ ಸಲ ಹೊರಟಾಗ, "ನೀವು ಹೋಗಿ ಬನ್ನಿ, ನಾನು ಮನೆಯಲ್ಲಿರುತ್ತೇನೆ" ಎಂದರು. ಶರಾವತಿಯ ಹಿನ್ನೀರು ನೋಡುತ್ತ ಬೆಳೆದ ಜೀವ ಅದು. ಲೇಕ್ ಮಿಷಿಗನ್ ದಂಡೆಯಲ್ಲಿ ಗಂಟೆಗಟ್ಟಲೆ ಸುಮ್ಮನೆ ಕೂರುತ್ತಾರೆ. ಅವರನ್ನು ಮನೆಯಲ್ಲಿ ಬಿಟ್ಟು ಹೋಗಲು ನನಗೆ ಮನಸ್ಸಿಲ್ಲ.

ಅದಕ್ಕಾಗಿ ಹೈಬ್ರಿಡ್ ಟ್ರೇಲರ್ ನೋಡುತ್ತಿದ್ದೇವೆ. ನಡುಭಾಗಕ್ಕೆ ಗಟ್ಟಿ ಗೋಡೆ, ಎರಡು ತುದಿಯ ಹಲಗೆಗಳನ್ನು ಹೊರಕ್ಕೆ ಇಳಿಸಿದರೆ ಕ್ಯಾನ್ವಾಸ್ ಹೊದ್ದ ದೊಡ್ಡ ಹಾಸಿಗೆಗಳು. ಒಳಗೆ ಶೌಚಾಲಯ, ಒಲೆ, ಫ್ರಿಜ್. ಊಟದ ಮೇಜನ್ನು ತಗ್ಗಿಸಿದರೆ ಅದೂ ಹಾಸಿಗೆಯಾಗುತ್ತದೆ. ಹನ್ನೊಂದು ವರ್ಷ ಹಳೆಯದೊಂದು ಮಾರಾಟಕ್ಕಿದೆ, ಒಣತೂಕ (ನೀರು, ಸಾಮಾನು ಇಲ್ಲದ ಖಾಲಿ ಗಾಡಿಯ ತೂಕ) 3,720 ಪೌಂಡ್. ನಮ್ಮದು ಪೆಟ್ರೋಲ್ ಎಂಜಿನ್‌ನ ಟೊಯೊಟಾ ಹೈಲ್ಯಾಂಡರ್, 5,000 ಪೌಂಡ್ ಎಳೆಯುತ್ತದೆ. "ಇನ್ನೂ 1,280 ಪೌಂಡ್ ಉಳಿಯುತ್ತದೆ, ನಿಶ್ಚಿಂತೆಯಿಂದ ತೆಗೆದುಕೊಳ್ಳಿ" ಎಂದು ಮಾರುವವರು ಹೇಳುತ್ತಾರೆ. ಅದು ನಿಜವೇ? ಮಳೆ, ಚಳಿಯಲ್ಲಿ ಕ್ಯಾನ್ವಾಸ್ ಹೇಗಿರುತ್ತದೆ? ಮುಂದಿನ ವರ್ಷ ಯೆಲ್ಲೋಸ್ಟೋನ್‌ಗೆ ಹೋಗುವ ಆಸೆಯೂ ಇದೆ.

ಹೇಮಾವತಿ ತೀರ, ಫೋರ್ಟ್ ವೇನ್, ಇಂಡಿಯಾನಾ

ಮೊದಲು ಒಂದು ಒಳ್ಳೆಯ ಸುದ್ದಿ: ನಿಮ್ಮದು ಪೆಟ್ರೋಲ್ ಕಾರು. ಹೈಲ್ಯಾಂಡರ್‌ನ ಈಚಿನ ಹೈಬ್ರಿಡ್ ಮಾದರಿಯಾಗಿದ್ದರೆ (ಪೆಟ್ರೋಲ್ ಜೊತೆ ವಿದ್ಯುತ್ ಮೋಟರ್ ಇರುವ ಕಾರು) ಎಳೆಯುವ ಮಿತಿ 3,500ಕ್ಕೇ ನಿಲ್ಲುತ್ತಿತ್ತು, ಮಾತು ಅಲ್ಲಿಗೇ ಮುಗಿಯುತ್ತಿತ್ತು.

ಆದರೆ ಮಾರುವವರ ಲೆಕ್ಕವನ್ನು ಒಪ್ಪಬೇಡಿ. ಒಣತೂಕದಲ್ಲಿ ಬ್ಯಾಟರಿ, ಗ್ಯಾಸ್ ಸಾಮಾನ್ಯವಾಗಿ ಸೇರಿರುವುದಿಲ್ಲ. ಒಂದು ಗ್ಯಾಲನ್ ನೀರು 8.34 ಪೌಂಡ್ ತೂಗುತ್ತದೆ, 30 ಗ್ಯಾಲನ್ ತುಂಬಿಸಿದರೆ 250 ಪೌಂಡ್. ಎರಡು ಸಿಲಿಂಡರ್ ಮತ್ತು ಬ್ಯಾಟರಿಗೆ 125 ಹಿಡಿಯಿರಿ. ಐದು ಜನರ ಹಾಸಿಗೆ ಹೊದಿಕೆ, ಕುರ್ಚಿಗಳು, ಕುಕ್ಕರ್, ಅಕ್ಕಿ ಬೇಳೆ, ಮಕ್ಕಳ ಸೈಕಲ್ ಎಲ್ಲ ಸೇರಿ 400 ಆಗಿಯೇ ಆಗುತ್ತದೆ. ಹೊರಡುವಾಗ ನಿಮ್ಮ ಹಿಂದೆ 4,500 ಪೌಂಡ್ ಇರುತ್ತದೆ.

ಅದರ ಮೇಲೆ ಕಾರಿಗೆ ಟ್ರೇಲರ್ ಸಿಕ್ಕಿಸುವ ಕೊಂಡಿಯ ಪ್ರಶ್ನೆ. ಟ್ರೇಲರ್ ತೂಕದ ನೂರಕ್ಕೆ 10ರಿಂದ 15ರಷ್ಟು ಕೊಂಡಿಯ ಮೇಲೆ ಕೂತರೆ ಮಾತ್ರ ಅದು ಹಿಂದೆ ಬಾಲ ಅಲ್ಲಾಡಿಸದೆ ಬರುತ್ತದೆ. 4,500ಕ್ಕೆ ನೂರಕ್ಕೆ 12 ಎಂದರೂ 540 ಪೌಂಡ್ ಆಯಿತು. ನಿಮ್ಮ ಕಾರಿನ ಕೊಂಡಿಗೆ ಇರುವ ಮಿತಿ 500. ಎಳೆಯುವ ಶಕ್ತಿ ಸಾಲುತ್ತದೆ, ಹೊರುವ ಶಕ್ತಿ ಸಾಲದು. ಹೆಚ್ಚಿನವರು ಎಡವುವುದು ಇಲ್ಲೇ.

ಈಗಲೇ ಹೋಗಿ ಚಾಲಕನ ಬಾಗಿಲು ತೆರೆದು ಚೌಕಟ್ಟಿನ ಮೇಲಿನ ಚೀಟಿ ನೋಡಿ. ಜನ ಮತ್ತು ಸಾಮಾನು ಸೇರಿ ಇಷ್ಟು ಪೌಂಡ್ ಮೀರಬಾರದು ಎಂದು ಅದರಲ್ಲಿ ಬರೆದಿರುತ್ತದೆ. ಕೊಂಡಿಯ ಭಾರವೂ ಆ ಲೆಕ್ಕಕ್ಕೇ ಸೇರುತ್ತದೆ. ಟ್ರೇಲರ್ ಒಳಗೂ ಹಳದಿ ಚೀಟಿ ಇರುತ್ತದೆ, ಅದರಲ್ಲಿ ಎಷ್ಟು ಸಾಮಾನು ತುಂಬಬಹುದು ಎಂದಿರುತ್ತದೆ. ಒಟ್ಟು ಗರಿಷ್ಠ ತೂಕದಿಂದ ಅದನ್ನು ಕಳೆದರೆ ಕಾರ್ಖಾನೆಯಿಂದ ಹೊರಬಂದಾಗಿನ ನಿಜವಾದ ತೂಕ ಸಿಗುತ್ತದೆ. ನಾನಾದರೆ 4,000 ಪೌಂಡ್ ದಾಟದ ತುಂಬುತೂಕ ನೋಡುತ್ತೇನೆ. ಎಲ್ಲ ತುಂಬಿದ ಮೇಲೆ ಹೆದ್ದಾರಿಯ ಟ್ರಕ್ ನಿಲ್ದಾಣದಲ್ಲಿ ಗಾಡಿ ತೂಗುವ ಕ್ಯಾಟ್ ಸ್ಕೇಲ್ ಮೇಲೆ ಒಮ್ಮೆ ನಿಲ್ಲಿಸಿ. ಕೆಲವೇ ಡಾಲರ್‌ಗಳಲ್ಲಿ ಸಂಶಯ ಮುಗಿಯುತ್ತದೆ.

ಇನ್ನೊಂದು ಮಾತು. ಹೈಬ್ರಿಡ್ ಟ್ರೇಲರ್ ಉದ್ದದಲ್ಲಿ ಚಿಕ್ಕದು, ತೂಕದಲ್ಲಿ ಹಗುರ. ಆದರೆ ಎತ್ತರ, ಅಗಲ ಬೇರೆ ಟ್ರೇಲರ್‌ಗಳಷ್ಟೇ. ಗಾಳಿಗೆ ಅದು ಹಗುರವಲ್ಲ. ಉತ್ತರದ ಕಡೆ ಹೋಗುವಾಗ ಮ್ಯಾಕಿನಾ ಸೇತುವೆಯ ಮೇಲೆ ಇದು ಗೊತ್ತಾಗುತ್ತದೆ. ಗಾಳಿ ಜೋರಾದ ದಿನ ಅಲ್ಲಿ ಟ್ರೇಲರ್ ಎಳೆಯುವವರನ್ನು ನಿಲ್ಲಿಸಿ, ಬೆಂಗಾವಲಿನಲ್ಲಿ ನಿಧಾನವಾಗಿ ದಾಟಿಸುತ್ತಾರೆ.

ಹಳೇ ಪಂಚೆ, ಕೊಲಂಬಸ್, ಒಹಾಯೊ

ತೂಕದ ಲೆಕ್ಕ ಸರಿಯಾಗಿದೆ, ಅದಕ್ಕೆ ಸೇರಿಸುವುದೇನಿಲ್ಲ. ನಾನು ಆರು ಬೇಸಿಗೆ ಹೈಬ್ರಿಡ್ ಇಟ್ಟುಕೊಂಡಿದ್ದವನು. ತಂಗಿ, ನಾನು ಮೊದಲು ಕೇಳುವ ಪ್ರಶ್ನೆಯೇ ಬೇರೆ. ಭಾನುವಾರ ಬೆಳಿಗ್ಗೆ ಮಳೆಯಲ್ಲಿ ಮಡಚಿ ತಂದ ಕ್ಯಾನ್ವಾಸನ್ನು ನೀವು ಎಲ್ಲಿ ಒಣಗಿಸುತ್ತೀರಿ?

ನೀವು ಮಲೆನಾಡಿನವರು, ನಿಮಗೆ ಬಿಡಿಸಿ ಹೇಳಬೇಕಾಗಿಲ್ಲ. ಆಷಾಢದಲ್ಲಿ ಒದ್ದೆ ಬಟ್ಟೆಯನ್ನು ಮಡಚಿ ಪೆಟ್ಟಿಗೆಯಲ್ಲಿಟ್ಟರೆ ಏನಾಗುತ್ತದೆ? ಬಟ್ಟೆಯಾದರೆ ಬಚ್ಚಲೊಲೆಯ ಮೇಲೆ ಹರವಬಹುದು. ಇದು ಎರಡು ಹಾಸಿಗೆಗಳಷ್ಟು ಅಗಲದ ಡೇರೆ, ಟ್ರೇಲರ್‌ಗೇ ಅಂಟಿಕೊಂಡಿದೆ. ಒಣಗಬೇಕೆಂದರೆ ಇಡೀ ಗಾಡಿಯನ್ನು ಸಮತಟ್ಟಾದ ಜಾಗದಲ್ಲಿ ನಿಲ್ಲಿಸಿ, ಎರಡು ರೆಕ್ಕೆಗಳನ್ನೂ, ಅಂದರೆ ತುದಿಯ ಹಾಸಿಗೆಗಳನ್ನೂ, ಬಿಚ್ಚಿಡಬೇಕು.

ಮೊದಲ ವರ್ಷ ನನಗೆ ಇದು ಗೊತ್ತಿರಲಿಲ್ಲ. ಹಾಕಿಂಗ್ ಹಿಲ್ಸ್‌ನಿಂದ ಮಳೆಯಲ್ಲೇ ಹೊರಟೆವು. ನಮ್ಮ ಬಡಾವಣೆಯ ಸಂಘ ಮನೆಮುಂದೆ ಟ್ರೇಲರ್ ನಿಲ್ಲಿಸಲು ಬಿಡುವುದಿಲ್ಲ, ಹಾಗಾಗಿ ನೇರವಾಗಿ ಬಾಡಿಗೆಯ ಜಾಗದಲ್ಲಿ ಬಿಟ್ಟು ಬಂದೆ. ಸೋಮವಾರ ಕಚೇರಿ, ಆ ವಾರವೆಲ್ಲ ಕೆಲಸ. ಒಂಬತ್ತನೆಯ ದಿನ ಹೋಗಿ ರೆಕ್ಕೆ ಇಳಿಸಿದಾಗ ಹೊಲಿಗೆಯ ಉದ್ದಕ್ಕೂ ಸಾಸಿವೆ ಚೆಲ್ಲಿದಂತೆ ಕಪ್ಪು ಚುಕ್ಕೆಗಳು. ಬೂಷ್ಟು. ವಿನಿಗರ್ ನೀರಿನಲ್ಲಿ ಎರಡು ದಿನ ಉಜ್ಜಿದೆ. ವಾಸನೆ ಹೋಯಿತು, ಕಲೆ ಮಾರುವ ದಿನದವರೆಗೂ ಇತ್ತು.

ಆಮೇಲೆ ನಮ್ಮದೊಂದು ಕ್ರಮ ಬೆಳೆಯಿತು. ಮಡಚುವ ಮೊದಲು ಹಳೇ ಹತ್ತಿ ಪಂಚೆಯಿಂದ ಕ್ಯಾನ್ವಾಸನ್ನು ಮೇಲಿನಿಂದ ಕೆಳಕ್ಕೆ ಒರೆಸುತ್ತಿದ್ದೆವು. ಅಂಗಡಿಯ ಯಾವ ಟವೆಲ್ಲೂ ಅಷ್ಟು ನೀರು ಹೀರುವುದಿಲ್ಲ. ಮೂರು ಸಲ ಹಿಂಡಿದರೆ ಅರ್ಧ ಬಕೆಟ್ ನೀರು ಬರುತ್ತಿತ್ತು. ಹಾಸಿಗೆಯ ಮೇಲೆ ಸ್ನಾನದ ಮನೆಯ ಪ್ಲಾಸ್ಟಿಕ್ ಪರದೆ ಹಾಸಿ, ಅದರ ಮೇಲೆ ಕ್ಯಾನ್ವಾಸ್ ಮಡಚಿಕೊಳ್ಳುವಂತೆ ಮಾಡುತ್ತಿದ್ದೆವು. ಇಲ್ಲವಾದರೆ ಹಾಸಿಗೆಯೂ ನೆನೆಯುತ್ತದೆ. ಹಲಗೆ ಮುಚ್ಚಿದ ಮೇಲೆ ಅಂಚಿನ ರಬ್ಬರ್ ಮೇಲೆ ಸುತ್ತಲೂ ಬೆರಳಾಡಿಸಿ ನೋಡುವುದು ನನ್ನ ಮಗಳ ಕೆಲಸ. ಬಟ್ಟೆಯ ಒಂದು ಮಡಿಕೆ ಅಲ್ಲಿ ಸಿಕ್ಕಿಕೊಂಡಿದ್ದರೆ ಸಾಕು, ಹೆದ್ದಾರಿಯ ಮಳೆ ಪೂರ್ತಿ ಒಳಗೆ. ಮನೆಗೆ ಬಂದು ಎರಡು ದಿನದೊಳಗೆ ಬಿಚ್ಚಿ ಒಣಗಿಸಲೇಬೇಕು. ಅದಕ್ಕೆ ಗೆಳೆಯರೊಬ್ಬರ ಮನೆಯ ಅಂಗಳ ಸಿಕ್ಕಿತು. ಸಿಗದಿದ್ದರೆ ಎರಡನೆಯ ವರ್ಷವೇ ಮಾರಿಬಿಡುತ್ತಿದ್ದೆ.

ಚಳಿಯ ಬಗ್ಗೆ: ಹೀಟರ್ ಇರುತ್ತದೆ, ಬಿಸಿಯೆಲ್ಲ ಬಟ್ಟೆಯ ಮೂಲಕ ಹೋಗುತ್ತಿರುತ್ತದೆ. ಅಕ್ಟೋಬರ್‌ನಲ್ಲಿ ಉಸಿರಿನ ಹಬೆ ಮೇಲಿನ ಲೋಹದ ಕಮಾನಿಗೆ ತಾಗಿ ಹನಿಯಾಗಿ ಹಣೆಯ ಮೇಲೆ ಬೀಳುತ್ತದೆ. ಕಿಟಕಿಯ ಜಿಪ್ ಎರಡು ಬೆರಳಷ್ಟು ತೆರೆದಿಟ್ಟರೆ ಅದು ಕಡಿಮೆಯಾಗುತ್ತದೆ. ಕೆಳಗಿನ ಹಲಗೆಯೂ ತಣ್ಣಗಿರುತ್ತದೆ, ಹಾಸಿಗೆಯ ಅಡಿಗೆ ಫೋಮ್ ಹಾಳೆ ಹಾಕಿ. ಅನ್ನ, ಸಾರು ಒಳಗೆ ಕುದಿಸಬೇಡಿ, ಒಗ್ಗರಣೆಯನ್ನಂತೂ ಹೊರಗೇ ಮಾಡಿ. ಕ್ಯಾನ್ವಾಸ್ ಸಾಸಿವೆ ಇಂಗಿನ ವಾಸನೆಯನ್ನು ವರ್ಷಗಟ್ಟಲೆ ಬಿಡುವುದಿಲ್ಲ.

ಇಷ್ಟು ಕಷ್ಟ ಹೇಳಿದ ಮೇಲೆ ಇದನ್ನೂ ಹೇಳಲೇಬೇಕು. ಆ ರೆಕ್ಕೆಯಲ್ಲಿ ಮಲಗಿ ಮೂರು ಕಡೆಯ ಕಿಟಕಿ ತೆರೆದಾಗ ಮರದ ಎಲೆಗಳ ಸದ್ದು ಕಿವಿಯ ಪಕ್ಕದಲ್ಲೇ ಕೇಳುತ್ತದೆ. ಗಟ್ಟಿ ಗೋಡೆಯ ಟ್ರೇಲರ್‌ನಲ್ಲಿ ಆ ಸುಖ ಸಿಗುವುದಿಲ್ಲ. ನನ್ನ ಮಕ್ಕಳು ಕಾಲೇಜಿಗೆ ಹೋದ ಮೇಲೂ ಅದನ್ನೇ ನೆನೆಯುತ್ತಾರೆ.

ಹಳೆಯದನ್ನು ನೋಡಲು ಹೋದಾಗ ರೆಕ್ಕೆಗಳ ಕೆಳಮೂಲೆಗಳಲ್ಲಿ ಗೋಡೆಯನ್ನು ಹೆಬ್ಬೆರಳಿನಿಂದ ಒತ್ತಿ. ನೆಲದ ಮೂಲೆಗಳನ್ನು ಹಿಮ್ಮಡಿಯಿಂದ ಒತ್ತಿ. ಹೊರಗಿನ ಫೈಬರ್‌ಗ್ಲಾಸ್ ಹಪ್ಪಳದಂತೆ ಉಬ್ಬಿದ್ದರೆ ಒಳಗಿನ ಪದರ ನೀರು ಕುಡಿದು ಬಿಟ್ಟುಕೊಂಡಿದೆ ಎಂದರ್ಥ, ಅರ್ಧ ಬೆಲೆಗೆ ಕೊಟ್ಟರೂ ಬೇಡ. ಟೈರಿನ ಬದಿಯಲ್ಲಿ ಅಚ್ಚೊತ್ತಿದ ಡಾಟ್ (DOT) ಸಂಖ್ಯೆಯ ಕೊನೆಯ ನಾಲ್ಕು ಅಂಕಿ ನೋಡಿ. 2318 ಎಂದಿದ್ದರೆ 2018ರ 23ನೆಯ ವಾರದ ಟೈರು, ಸವೆದಿಲ್ಲದಿದ್ದರೂ ಬದಲಾಯಿಸಬೇಕು. ಮಾದರಿಗಳ ವಿಷಯದಲ್ಲಿ ರಾಕ್‌ವುಡ್ ರೂ ಮತ್ತು ಫ್ಲ್ಯಾಗ್‌ಸ್ಟಾಫ್ ಶ್ಯಾಮ್‌ರಾಕ್ ಒಂದೇ ಮನೆಯ ಅವಳಿಗಳು, ಎರಡರಲ್ಲಿ ಯಾವುದು ಸ್ವಚ್ಛವಾಗಿದೆಯೋ ಅದನ್ನು ಹಿಡಿಯಿರಿ. ಜೇಕೋದ ಜೇ ಫೆದರ್ ಎಕ್ಸ್ ಸಾಲಿನವೂ ಹಳೆಯ ಮಾರುಕಟ್ಟೆಯಲ್ಲಿ ಸಿಗುತ್ತವೆ.

ಕುಮುದ್ವತಿ, ಗ್ರ್ಯಾಂಡ್ ರಾಪಿಡ್ಸ್

ನಮ್ಮ ಅತ್ತೆಯವರನ್ನು ಕರೆದುಕೊಂಡು ಮೂರು ವರ್ಷ ತಿರುಗಿದ್ದೇನೆ. ಅಮ್ಮನಿಗೆ ರೆಕ್ಕೆಯ ಹಾಸಿಗೆ ಬೇಡವೇ ಬೇಡ. ಅದು ಸೊಂಟದಷ್ಟು ಎತ್ತರ, ಮಂಡಿ ಊರಿ ತೆವಳಿ ಹತ್ತಬೇಕು. ಊಟದ ಮೇಜಿನ ಹಾಸಿಗೆಯಲ್ಲಿ ಮಲಗಿಸಿ. ಅಲ್ಲಿಂದ ಶೌಚಾಲಯಕ್ಕೆ ನಾಲ್ಕೇ ಹೆಜ್ಜೆ. ದಾರಿಯಲ್ಲೂ ಅನುಕೂಲ: ರೆಕ್ಕೆಗಳನ್ನು ಮುಚ್ಚಿದ್ದರೂ ಒಳಗೆ ಹೋಗಬಹುದು, ಹೆದ್ದಾರಿ ಪಕ್ಕದ ವಿಶ್ರಾಂತಿ ತಾಣದಲ್ಲಿ ಅವರ ಶೌಚಾಲಯ ಅವರಿಗೇ. ಹೊರಗಿನ ಮೆಟ್ಟಿಲು ಮಾತ್ರ ಕಡಿದು. ಅಗಲವಾದ ಪೀಠವೊಂದನ್ನು ಮುಂದಿಟ್ಟು, ಬಾಗಿಲ ಪಕ್ಕ ಹಿಡಿಕೆ ಹಾಕಿಸಿ.

ಯೆಲ್ಲೋಸ್ಟೋನ್ ಬಗ್ಗೆ ತಿಳಿದಿರಲಿ. ಉದ್ಯಾನದೊಳಗೆ ನೀರು, ವಿದ್ಯುತ್, ಒಳಚರಂಡಿ ಮೂರೂ ಇರುವ ಫಿಶಿಂಗ್ ಬ್ರಿಜ್ ಕ್ಯಾಂಪ್‌ಗ್ರೌಂಡ್‌ನಲ್ಲಿ ಗಟ್ಟಿ ಗೋಡೆಯ ಗಾಡಿಗಳಿಗೆ ಮಾತ್ರ ಪ್ರವೇಶ. ಗ್ರಿಜ್ಲಿ ಕರಡಿಗಳ ಕಾರಣ ಬಟ್ಟೆಯ ಗೋಡೆ ಇರುವ ಯಾವುದಕ್ಕೂ ಅಲ್ಲಿ ಜಾಗವಿಲ್ಲ, ಹೈಬ್ರಿಡ್‌ಗೂ ಇಲ್ಲ. ಡೇರೆಗೆ ಅವಕಾಶವಿರುವ ಬೇರೆ ಕ್ಯಾಂಪ್‌ಗ್ರೌಂಡ್‌ಗಳಿವೆ, ಅಲ್ಲಿ ಈ ಸೌಲಭ್ಯಗಳಿಲ್ಲ. ದಾರಿಯಲ್ಲಿ ಬಿಗ್‌ಹಾರ್ನ್ ಬೆಟ್ಟಗಳನ್ನು ಯುಎಸ್ 16 ಹೆದ್ದಾರಿಯಲ್ಲಿ ದಾಟಿದರೆ ಪೌಡರ್ ರಿವರ್ ಪಾಸ್ 9,666 ಅಡಿ ಎತ್ತರದಲ್ಲಿದೆ. ಐದು ಜನ ಕೂತ ಹೈಲ್ಯಾಂಡರ್‌ಗೆ ಆ ಶಿಕ್ಷೆ ಬೇಡ, ಬಿಲ್ಲಿಂಗ್ಸ್ ಮೇಲೆ ಸುತ್ತಿ ಹೋಗಿ.

ಸಾಗರದವಳು, ನೋವೈ, ಮಿಷಿಗನ್

ಎಲ್ಲರಿಗೂ ಹೃತ್ಪೂರ್ವಕ ಧನ್ಯವಾದ. ಬಾಗಿಲ ಚೀಟಿಯಲ್ಲಿ 1,387 ಪೌಂಡ್ ಇದೆ. ನಾವು ಐದು ಜನ ಸೇರಿ 540. ಕೊಂಡಿಗೆ 540, ಕೊಂಡಿಯ ಭಾರವನ್ನು ಕಾರಿನ ಎಲ್ಲ ಚಕ್ರಗಳಿಗೆ ಹಂಚುವ ಸರಳುಗಳಿಗೆ 80. ಉಳಿದದ್ದು 227. ಕೊಂಡಿಯ ಮಿತಿಯಂತೂ ಮೀರಿಯೇ ಹೋಯಿತು.

ಆದರೂ ಶನಿವಾರ ಅಮ್ಮನನ್ನು ಕರೆದುಕೊಂಡು ಹೋಗಿ ಆ ಟ್ರೇಲರ್ ನೋಡಿದೆವು. ಒಳಗೆಲ್ಲ ನಿಂಬೆಯ ಪರಿಮಳ ಸಿಂಪಡಿಸಿದ್ದರು. ಅಮ್ಮ ಮೆಟ್ಟಿಲು ಹತ್ತಿ ಬಾಗಿಲಲ್ಲೇ ನಿಂತರು. "ಕೂಸೇ, ಇಲ್ಲೆಲ್ಲೋ ಮುಗ್ಗಲು ವಾಸನೆ ಇದೆ" ಎಂದರು. ನನಗೆ ನಿಂಬೆ ಬಿಟ್ಟು ಬೇರೇನೂ ಗೊತ್ತಾಗಲಿಲ್ಲ. ಅವರು ನಿಧಾನವಾಗಿ ಹಿಂದಿನ ಎಡಮೂಲೆಗೆ ಹೋಗಿ ಹಾಸಿಗೆಯ ತುದಿ ಎತ್ತಿದರು. ಕೆಳಗಿನ ಪ್ಲೈವುಡ್ ಮಳೆಗಾಲದ ಅಟ್ಟದ ಹಲಗೆಯಂತೆ ಕಪ್ಪಾಗಿತ್ತು. ನಾನು ಉಗುರಿನಿಂದ ಒತ್ತಿದೆ, ಉಗುರು ಒಳಗೆ ಹೋಯಿತು. ಮಾರುವವರಿಗೆ ತೋರಿಸಿದೆವು, ನಮಸ್ಕಾರ ಹೇಳಿ ಬಂದೆವು.

ನಮ್ಮ ಬಡಾವಣೆಯ ಸಂಘಕ್ಕೂ ಬರೆದು ಕೇಳಿದೆ. ಸಾಮಾನು ಏರಿಸಿ ಇಳಿಸಲು 48 ಗಂಟೆ ಮನೆಮುಂದೆ ನಿಲ್ಲಿಸಬಹುದಂತೆ, ರೆಕ್ಕೆ ಬಿಚ್ಚಿಡುವುದಕ್ಕೂ ಆಕ್ಷೇಪವಿಲ್ಲವಂತೆ. ಪಂಚೆಯಣ್ಣನ ಪ್ರಶ್ನೆಗೆ ಅಷ್ಟು ಉತ್ತರ ಸಿಕ್ಕಿತು.

ಸದ್ಯಕ್ಕೆ ಕೊಳ್ಳುವುದಿಲ್ಲ. ಜೂನ್‌ನಲ್ಲಿ ಪ್ಲಾಟ್ ರಿವರ್ ಕ್ಯಾಂಪ್‌ಗ್ರೌಂಡ್‌ನಲ್ಲಿ ವಿದ್ಯುತ್ ಇರುವ ಜಾಗ ಮೂರು ರಾತ್ರಿಗೆ ಸಿಕ್ಕಿದೆ. ಆ ಕಡೆಯವರೇ ಒಬ್ಬರು ತಮ್ಮ ಹೈಬ್ರಿಡ್ ಅನ್ನು ಬಾಡಿಗೆಗೆ ಕೊಟ್ಟು, ತಾವೇ ಎಳೆದು ತಂದು ನಿಲ್ಲಿಸಿ, ಕೊನೆಯ ದಿನ ತೆಗೆದುಕೊಂಡು ಹೋಗುತ್ತಾರೆ. ಬಿಚ್ಚುವುದು, ಮಡಚುವುದು ನಮ್ಮ ಕೆಲಸವೇ ಆಗಲಿ ಎಂದು ಕೇಳಿಕೊಂಡಿದ್ದೇನೆ. ಆ ಮೂರು ರಾತ್ರಿಗಳಲ್ಲಿ ಒಂದು ರಾತ್ರಿಯಾದರೂ ಮಳೆ ಬರಲಿ ಎಂದು ನಿಜವಾಗಿಯೂ ಬಯಸುತ್ತಿದ್ದೇನೆ. ಪಂಚೆ ಅಮ್ಮನೇ ಎತ್ತಿಟ್ಟಿದ್ದಾರೆ, ಅಪ್ಪನದು.