ಕೂಸಿನ ಫೀನೈಲ್‌ಅಲನೈನ್ ರಿಪೋರ್ಟ್ ಬಗ್ಗೆ

ದೊಡ್ಡಮ್ಮ, ಮೊಮ್ಮಗಳ ರಿಪೋರ್ಟ್ ಗ್ರೂಪ್‌ನಾಗೆ ನೋಡಿದೆ. ಹಿಮ್ಮಡಿ ರಕ್ತದಲ್ಲಿ ಫೀನೈಲ್‌ಅಲನೈನ್ (ಪ್ರೋಟೀನ್‌ನಾಗಿರೋ ಒಂದು ಅಮೈನೋ ಆಮ್ಲ) ಡೆಸಿಲೀಟರ್‌ಗೆ 14 ಮಿಲಿಗ್ರಾಂ ಐತೆ, ಇರಬೇಕಾದ್ದು 2ರ ಒಳಗೆ. ಎದೆಹಾಲು ಬಿಡಿಸಿ ಆಕಳ ಹಾಲು ಹಾಕ್ರಿ ಅಂತ ಚಿಕ್ಕಪ್ಪ ಬರೆದಾರಲ್ಲ, ಅದನ್ನ ಮಾತ್ರ ಮಾಡ್ಬೇಡ್ರಿ. ಆಕಳ ಹಾಲಲ್ಲಿ ಪ್ರೋಟೀನ್ ಎದೆಹಾಲಿನ ಸುಮಾರು ಮೂರು ಪಟ್ಟು, ಈ ಅಂಕಿ ಇನ್ನೂ ಏರುತ್ತೆ.

ನಾವು ತಿನ್ನೋ ಹೆಚ್ಚುಕಡಿಮೆ ಎಲ್ಲ ಪ್ರೋಟೀನ್‌ನಲ್ಲೂ ಫೀನೈಲ್‌ಅಲನೈನ್ ಇದ್ದೇ ಇರುತ್ತೆ. ಮೈ ಬೆಳವಣಿಗೆಗೆ ಬಳಸಿ ಮಿಕ್ಕಿದ್ದನ್ನ ಲಿವರ್‌ನ ಫೀನೈಲ್‌ಅಲನೈನ್ ಹೈಡ್ರಾಕ್ಸಿಲೇಸ್ ಅನ್ನೋ ಕಿಣ್ವ ಟೈರೋಸಿನ್ ಅನ್ನೋ ಇನ್ನೊಂದು ಅಮೈನೋ ಆಮ್ಲ ಮಾಡುತ್ತೆ. ಅದು ಕೆಲಸ ಮಾಡದಿದ್ರೆ ಮಿಕ್ಕಿದ್ದು ರಕ್ತದಲ್ಲೇ ಉಳಿದು ಮಿದುಳು ಕೆಡುತ್ತೆ, ಇದಕ್ಕೇ ಪಿಕೆಯು (ಫೀನೈಲ್‌ಕೀಟೋನ್ಯೂರಿಯಾ) ಅಂತಾರೆ. ಕೂಸು ಈಗ ಚೆನ್ನಾಗೇ ಹಾಲು ಕುಡಿಯುತ್ತೆ, ನೋಡಿದ್ರೆ ಏನೂ ಗೊತ್ತಾಗಲ್ಲ. ಗೊತ್ತಾಗೋ ಹೊತ್ತಿಗೆ ತಿಂಗಳುಗಳು ಕಳೆದು ಹೋದದ್ದು ವಾಪಸ್ ಬರಲ್ಲ. ಅದಕ್ಕೇ ತವರಿನ ಶಾಸ್ತ್ರ ಮುಗೀಲಿ ಅಂತ ಕಾಯ್ಬೇಡ್ರಿ.

ನಾಳೆನೇ ರಕ್ತನಾಳದಿಂದ ಮತ್ತೆ ರಕ್ತ ಕೊಡ್ಸಿ, ಟೈರೋಸಿನ್ ಜೊತೆಗೇ ನೋಡಿ ಅಂತ ಕೇಳ್ರಿ. ಎರಡೂ ಏರಿದ್ರೆ ಕಾರಣ ಬೇರೆ ಇರಬಹುದು: ತಿಂಗಳು ತುಂಬದೆ ಹುಟ್ಟಿದ್ದು, ಇಲ್ಲ ಲಿವರ್ ತೊಂದರೆ. ಫೀನೈಲ್‌ಅಲನೈನ್ ಒಂದೇ ಏರಿ ಟೈರೋಸಿನ್ ಕಡಿಮೆ ಇದ್ರೆ ಈ ಕಿಣ್ವದ ಮೇಲೇ ಅನುಮಾನ. ಆದ್ರೂ ಕಿಣ್ವಕ್ಕೆ ಜೊತೆಯಾಗಿ ಬೇಕಾದ ಬಿಎಚ್4 ಅನ್ನೋ ಸಹಾಯಕ ವಸ್ತು ಕಡಿಮೆ ಇದ್ರೂ ಇದೇ ರಿಪೋರ್ಟ್ ಬರುತ್ತೆ, ಅದಕ್ಕೆ ಪಥ್ಯ ಒಂದೇ ಸಾಲಲ್ಲ. ಅದನ್ನ ಪತ್ತೆ ಮಾಡೋ ಮೂತ್ರದ ಟೆರಿನ್, ರಕ್ತದ ಡಿಎಚ್‌ಪಿಆರ್ ಟೆಸ್ಟ್ ಬಿಡ್ಬೇಡ್ರಿ. ದಾವಣಗೆರೆ ಮಕ್ಕಳ ಡಾಕ್ಟರ್ ಹತ್ರ ಚೀಟಿ ಬರೆಸ್ಕೊಂಡು ಬೆಂಗಳೂರಿನ ಜೆನೆಟಿಕ್ಸ್ ಡಾಕ್ಟರಿಗೆ ಇವತ್ತೇ ಫೋನ್ ಮಾಡ್ರಿ.

ಪಕ್ಕಾ ಆದ್ಮೇಲೆ ಫೀನೈಲ್‌ಅಲನೈನ್ ಇಲ್ಲದ, ಟೈರೋಸಿನ್ ಸೇರಿಸಿದ ಹಾಲಿನ ಪುಡಿ ಬರ್ಕೊಡ್ತಾರೆ. ಅಂಕಿ ಇಳಿಯೋವರೆಗೆ ಕೆಲವು ದಿನ ಎದೆಹಾಲು ನಿಲ್ಲಿಸಿ ಅನ್ನಬಹುದು. ಆಗ ಬಾಣಂತಿ ಹೊತ್ತೊತ್ತಿಗೆ ಹಾಲು ಹಿಂಡಿ ತೆಗೀಬೇಕು, ಇಲ್ಲಾಂದ್ರೆ ಬತ್ತಿ ಹೋಗುತ್ತೆ. ಆಮೇಲೆ ಪ್ರತಿ ಸಲ ಅಳೆದ ಪುಡಿ ಹಾಲು ಮೊದಲು, ಎದೆಹಾಲು ನಂತರ. ಪುಡಿ ಹಾಲೊಂದೇ ಕೊಟ್ಕೊಂಡು ಹೋದ್ರೂ ತಪ್ಪು: ಫೀನೈಲ್‌ಅಲನೈನ್ ತೀರಾ ಇಳಿದ್ರೆ ತೂಕ ಏರಲ್ಲ, ಚರ್ಮ ಕೆಡುತ್ತೆ. ರಕ್ತದಲ್ಲಿ 2ರಿಂದ 6 ಮಿಲಿಗ್ರಾಂ ನಡುವೆ ಇರಬೇಕು, ಮೊದಲ ವರ್ಷ ಸಾಮಾನ್ಯವಾಗಿ ವಾರಕ್ಕೊಮ್ಮೆ ಟೆಸ್ಟ್. ಜ್ವರ ಬಂದಾಗ ಹಾಲು ಪುಡಿ ನಿಲ್ಲಿಸ್ಬೇಡ್ರಿ. ಉಪವಾಸ ಬಿದ್ರೆ ಮೈಯ ಪ್ರೋಟೀನೇ ಕರಗಿ ಅಂಕಿ ಏರುತ್ತೆ.

ಅನ್ನ ಶುರುವಾದ್ಮೇಲೆ ಲೆಕ್ಕ ಇಷ್ಟು: 1 ಗ್ರಾಂ ಪ್ರೋಟೀನ್ ಅಂದ್ರೆ ಸುಮಾರು 50 ಮಿಲಿಗ್ರಾಂ ಫೀನೈಲ್‌ಅಲನೈನ್. ಸಬ್ಬಕ್ಕಿ, ಹಣ್ಣು, ಸಕ್ಕರೆಯಲ್ಲಿ ಇದು ಕಮ್ಮಿ. ನಮ್ಮೂರ ದೋಸೆ ಮೇಲಿನ ಬೆಣ್ಣೆ ಪರವಾಗಿಲ್ಲ, ದೋಸೆಯೊಳಗಿನ ಉದ್ದು ಬೇಡ. ಮಂಡಕ್ಕಿ ತೂಗಿ ಕೊಡಬೇಕು, ಅದಕ್ಕೆ ಹಾಕೋ ಶೇಂಗಾ, ಹುರಿಗಡಲೆ ಬೇಡವೇ ಬೇಡ.

ಇನ್ನೊಂದು, ಇದು ಬಾಣಂತಿ ತಿಂದದ್ದರಿಂದ ಬಂದಿದ್ದಲ್ಲ, ಅವಳನ್ನ ಬೈಬೇಡ್ರಿ. ಅಪ್ಪ ಅಮ್ಮ ಇಬ್ಬರಿಂದ್ಲೂ ಈ ಕಿಣ್ವದ ಜೀನ್‌ನ ಒಂದೊಂದು ಕೆಟ್ಟ ಪ್ರತಿ ಬಂದಾಗ ಹಿಂಗಾಗೋದು. ಮುಂದಿನ ಪ್ರತಿ ಬಸಿರಲ್ಲೂ ನಾಲ್ಕರಲ್ಲೊಂದು ಸಾಧ್ಯತೆ ಇರುತ್ತೆ. ಹೊಸ ರಿಪೋರ್ಟ್ ಬಂದ ಕೂಡ್ಲೇ ಎರಡೂ ಅಂಕಿ, ಕೂಸಿನ ತೂಕ ಹಾಕ್ರಿ.