ಕಂಪ್ಯೂಟರ್ ಟೀಚರ್ ಇಲ್ಲದ ಸರ್ಕಾರಿ ಹೈಸ್ಕೂಲಲ್ಲಿ ಕಂಪ್ಯೂಟರ್ ಸೈನ್ಸ್ ಎಲ್ಲಿಂದ ಶುರು ಮಾಡ್ಲಿ?

ಲೆಕ್ಕದ ಟೀಚರ್ (ಹಾವೇರಿ ಜಿಲ್ಲೆ)

ಎಲ್ಲರಿಗೂ ನಮಸ್ಕಾರ. ಹಾವೇರಿ ಜಿಲ್ಲೆಯ ಒಂದು ಸರ್ಕಾರಿ ಹೈಸ್ಕೂಲಲ್ಲಿ ಗಣಿತ ತಗೋತೀನಿ. ಪೂರ್ತಿ ಕನ್ನಡ ಮೀಡಿಯಂ, ಒಂದೊಂದು ಸೆಕ್ಷನ್ನಲ್ಲೂ ನಲವತ್ತರ ಮೇಲೆ ಮಕ್ಕಳು. ಈ ವರ್ಷ ನಮ್ಮ ಹಳೇ ವಿದ್ಯಾರ್ಥಿಗಳು ದುಡ್ಡು ಹಾಕಿ ಹತ್ತು ಸೆಕೆಂಡ್ ಹ್ಯಾಂಡ್ ಲ್ಯಾಪ್‌ಟಾಪ್ ಕೊಡಿಸಿದಾರೆ. 8 ಮತ್ತು 9ನೇ ಕ್ಲಾಸಿಗೆ ವಾರಕ್ಕೆ ಎರಡೆರಡು ಪೀರಿಯಡ್ ಎಚ್‌ಎಂ ಸರ್ ನಂಗೆ ಒಪ್ಪಿಸಿದಾರೆ. 10ನೇ ಕ್ಲಾಸನ್ನ ಮುಟ್ಟೋ ಹಾಗಿಲ್ಲ, ಅವರಿಗೆ ಬೆಳಗ್ಗೆ ಸಂಜೆ ಸ್ಪೆಷಲ್ ಕ್ಲಾಸ್, 625ರ ಲೆಕ್ಕದಲ್ಲಿ ಬರದೇ ಇರೋದಕ್ಕೆ ಯಾರೂ ಟೈಮ್ ಕೊಡಲ್ಲ.

ಸಮಸ್ಯೆ ಏನಂದ್ರೆ ಏನು ಕಲಿಸ್ಬೇಕು ಅನ್ನೋದೇ ತೀರ್ಮಾನ ಆಗ್ತಿಲ್ಲ. ಸ್ಟಾಫ್ ರೂಮಲ್ಲಿ ಕೇಳಿದ್ರೆ ಟೈಪಿಂಗು, ವರ್ಡು, ಎಕ್ಸೆಲ್ಲು ಸಾಕು ಅಂತಾರೆ. ಶಾಲೆಯ ಎಸ್‌ಡಿಎಂಸಿ ಸಮಿತಿಯವರು ತಾಲೂಕಿನ ಪ್ರೈವೇಟ್ ಸ್ಕೂಲಿನ ಬೋರ್ಡ್ ನೋಡ್ಕೊಂಡು ಬಂದು ನಮ್ಮಲ್ಲೂ ಕೋಡಿಂಗ್ ಬರ್ಲಿ ಮೇಡಂ ಅಂತಾರೆ. 2020ರ ಶಿಕ್ಷಣ ನೀತಿಯಲ್ಲೂ 6ನೇ ಕ್ಲಾಸಿಂದ ಮೇಲೆ ಕೋಡಿಂಗ್ ಚಟುವಟಿಕೆ ಇರ್ಬೇಕು ಅಂತ ಇದೆ, ಆದ್ರೆ ಅದನ್ನ ಯಾರು ಮಾಡ್ಬೇಕು, ಯಾವ ಭಾಷೆಯಲ್ಲಿ ಮಾಡ್ಬೇಕು ಅಂದ್ರೆ ನಮ್ಮ ಹತ್ರ ಉತ್ತರ ಇಲ್ಲ. ನಂಗೆ ಗೊತ್ತಿರೋದು ಟೀಚರ್‌ಗಳಿಗೆ ಸರ್ಕಾರ ಕೊಡೋ ಟಾಲ್ಪ್ ಅನ್ನೋ ಕಂಪ್ಯೂಟರ್ ಟ್ರೈನಿಂಗಲ್ಲಿ ಕಲಿತ ಜಿಯೋಜಿಬ್ರಾ (ಗಣಿತದ ಚಿತ್ರ ಬರೆಯೋ ಸಾಫ್ಟ್‌ವೇರ್), ಸ್ಲೈಡ್ ಮಾಡೋದು, ಡಿಗ್ರಿಯಲ್ಲಿ ಓದಿದ ಒಂದು ಸಿ ಪ್ರೋಗ್ರಾಮಿಂಗ್ ಪೇಪರ್.

ಇಷ್ಟು ತಲೆ ಕೆಡಿಸ್ಕೊಳ್ಳೋಕೆ ಕಾರಣ ಇದೆ. ಹೋದ ವರ್ಷ ಗಣಿತದಲ್ಲಿ ತುಂಬಾ ಚುರುಕಾಗಿದ್ದ ಒಬ್ಬ ಹುಡುಗಿ ಪಿಯುಗೆ ಹೋಗುವಾಗ ಪಿಸಿಎಂಸಿ (ಫಿಸಿಕ್ಸ್, ಕೆಮಿಸ್ಟ್ರಿ, ಗಣಿತದ ಜೊತೆ ಕಂಪ್ಯೂಟರ್ ಸೈನ್ಸ್) ಯಾಕೆ ಬೇಡ ಅಂತ ಕೇಳಿದ್ದಕ್ಕೆ, "ಮೇಡಂ ಅದು ಮನೇಲಿ ಕಂಪ್ಯೂಟರ್ ಇರೋರಿಗೆ" ಅಂದ್ಲು. ಆ ಮಾತು ನನ್ನ ತಲೆಯಿಂದ ಹೋಗ್ತಾನೇ ಇಲ್ಲ. ಇಂಥ ಕಡೆ ಕೆಲಸ ಮಾಡಿದೋರು ದಯವಿಟ್ಟು ಹೇಳಿ.

---

ಕುಂಬಳೆ ಮೇಷ್ಟ್ರು

ಮೇಡಂ, ನಾನು ಕಾಸರಗೋಡಿನ ಕನ್ನಡ ಮಾಧ್ಯಮ ಶಾಲೆಯಲ್ಲಿ ಸಮಾಜ ಪಾಠ ಮಾಡುವವ. ಐಸಿಟಿ ಅಂದ್ರೆ ಕಂಪ್ಯೂಟರ್ ಕ್ಲಾಸೂ ನಾನೇ ತಗೊಳ್ಳುವುದು. ಇಲ್ಲಿ ಕೇರಳದಲ್ಲಿ ಕ್ರಮವೇ ಹಾಗೆ, ಹೈಸ್ಕೂಲಿಗೆ ಅಂತ ಬೇರೆ ಕಂಪ್ಯೂಟರ್ ಟೀಚರ್ ಇಲ್ಲ, ಗಣಿತದವರು, ವಿಜ್ಞಾನದವರು, ಭಾಷೆಯವರು ತರಬೇತಿಗೆ ಹೋಗಿ ಬಂದು ಪಾಠ ಮಾಡುವುದು, ಅವರಲ್ಲೇ ಒಬ್ಬರು ಎಸ್‌ಐಟಿಸಿ (ಶಾಲೆಯ ಐಟಿ ಸಂಯೋಜಕ) ಅಂತ ಲ್ಯಾಬಿನ ಜವಾಬ್ದಾರಿ ನೋಡಿಕೊಳ್ತಾರೆ. 2001ರಲ್ಲಿ ಐಟಿ ಅಟ್ ಸ್ಕೂಲ್ ಅಂತ ಶುರುವಾದದ್ದು, 2017ರಲ್ಲಿ ಅದೇ ಕೈಟ್ ಅಂತ ಸರ್ಕಾರಿ ಕಂಪನಿ ಆಯಿತು. ಮೊದಲಿಗೆ ವಿಂಡೋಸಿನಲ್ಲೇ ಇತ್ತು, ಆಮೇಲೆ ಎಲ್ಲ ಶಾಲೆಗಳೂ ವಿಂಡೋಸಿನ ಬದಲು ಪುಕ್ಕಟೆ ಸಿಗುವ ಗ್ನೂ ಲಿನಕ್ಸಿಗೆ ಬಂದವು. ಲೈಸೆನ್ಸಿನ ದುಡ್ಡು ಉಳಿಯಿತು, ಅದಕ್ಕಿಂತ ದೊಡ್ಡ ಲಾಭ ಅಂದ್ರೆ ಶಾಲೆಯಲ್ಲಿ ಕಲಿತದ್ದನ್ನೇ ಮಗು ಮನೆಯ ಕಂಪ್ಯೂಟರಿಗೂ ಪುಕ್ಕಟೆ ಹಾಕಿಕೊಳ್ಳಬಹುದು.

ನಿಮಗೆ ಕೂಡಲೇ ಉಪಯೋಗ ಆಗುವುದು ಅಂದ್ರೆ ನಮ್ಮ ಐಸಿಟಿ ಪಠ್ಯಪುಸ್ತಕ. ಮಲಯಾಳ, ಇಂಗ್ಲಿಷಿನ ಜೊತೆ ಕನ್ನಡದಲ್ಲೂ ಬರ್ತದೆ, ನೆಟ್ಟಿನಲ್ಲಿ ಪಿಡಿಎಫ್ ಸಿಗ್ತದೆ. ಇಂಕ್‌ಸ್ಕೇಪಿನಲ್ಲಿ ಚಿತ್ರ, ಜಿಯೋಜಿಬ್ರಾ, ವರ್ಡು ಎಕ್ಸೆಲ್ಲಿನ ಹಾಗಿರುವ ಲಿಬ್ರೆ ಆಫೀಸ್, ಬ್ಲಾಕು ಜೋಡಿಸಿ ಕೋಡಿಂಗ್ ಮಾಡುವ ಸ್ಕ್ರ್ಯಾಚ್, ಬರೆದು ಕೋಡಿಂಗ್ ಮಾಡುವ ಪೈಥಾನ್ ಭಾಷೆ ಎಲ್ಲ ಉಂಟು. ಒಂದೊಂದು ಅಧ್ಯಾಯವೂ ಬೇರೆ ಯಾವುದಾದರೂ ಪಾಠಕ್ಕೆ ತಗುಲಿಕೊಂಡೇ ಇರ್ತದೆ, ನಾನು ಮ್ಯಾಪಿನ ಅಧ್ಯಾಯ ಮಾಡುವಾಗ ಭೂಗೋಳವನ್ನೂ ಮುಗಿಸಿಬಿಡುವುದು. ಎಸ್ಸೆಸ್ಸೆಲ್ಸಿಯಲ್ಲಿ ಐಟಿಗೆ ಲ್ಯಾಬಿನಲ್ಲೇ ಪ್ರಾಕ್ಟಿಕಲ್ ಪರೀಕ್ಷೆ ಉಂಟು, ಹಾಗಾಗಿ ಪೀರಿಯಡ್ಡನ್ನು ಬೇರೆಯವರು ಎತ್ತಿಕೊಂಡು ಹೋಗ್ಲಿಕ್ಕಿಲ್ಲ. ನಿಮ್ಮಲ್ಲಿ ಅದಿಲ್ಲ ಅಂತ ಗೊತ್ತು. ಎಚ್‌ಎಂ ಹತ್ರ ಹೇಳಿ ಪ್ರಾಜೆಕ್ಟಿಗಾದ್ರೂ ಒಂದು ಸ್ವಲ್ಪ ಆಂತರಿಕ ಅಂಕ ಇಡಿಸಿಕೊಳ್ಳಿ, ಇಲ್ಲದಿದ್ರೆ ಡಿಸೆಂಬರಿನ ನಂತರ ನಿಮ್ಮ ಎರಡು ಪೀರಿಯಡ್ಡೂ ಹೋಗ್ತದೆ.

---

ಹಳೇ ಇನ್‌ಸ್ಟ್ರಕ್ಟರ್

ಮೇಡಂ ಅವರ, ಮೇಷ್ಟ್ರು ಹೇಳಿದ್ದು ಖರೇ ಐತಿ. ನಾ ಮೊದಲ ಗುತ್ತಿಗೆ ಮ್ಯಾಲೆ ಸರ್ಕಾರಿ ಸಾಲ್ಯಾಗ ಕಂಪ್ಯೂಟರ್ ಕಲಿಸಾಕ ಇದ್ದೆ. ಏಜೆನ್ಸಿಯವ್ರು ಮಶೀನ್ ತಂದು ಕುಂದ್ರಿಸಿದ್ರು, ಯುಪಿಎಸ್ ಕೊಟ್ರು, ನಮ್ಮನ್ನ ಹಾಕಿದ್ರು. ಸಾಲಿ ಮಾಸ್ತರು ಅದು ನಮ್ಮದಲ್ಲ ಅಂತ ಒಳಗ ಬರ್ತಿರಲಿಲ್ಲ, ನಾವು ಹೊರಗಿನವ್ರು ಅಂತ ಅವ್ರ ಪಾಠದ ಗೊಡವಿಗೆ ಹೋಗ್ತಿರಲಿಲ್ಲ. ಗುತ್ತಿಗಿ ಮುಗೀತು, ನಾವು ಮನಿಗೆ ಹೋದ್ವಿ, ಲ್ಯಾಬಿಗೆ ಕೀಲಿ ಬಿತ್ತು. ಮುಂದ ಒಮ್ಮೆ ಹೋಗಿ ನೋಡಿದ್ರ ಯುಪಿಎಸ್ ಬ್ಯಾಟರಿ ಸತ್ತು ಹೋಗಿತ್ತು, ಸಿಪಿಯು ಮ್ಯಾಲೆ ಬಿಸಿಊಟದ ಅಕ್ಕಿ ಚೀಲ ಇಟ್ಟಿದ್ರು. ಹೊಟ್ಟಿ ಉರೀತು ನೋಡ್ರಿ. ಅದಕ್ಕ ಹೇಳ್ತೀನಿ, ನೀವು ಗಣಿತದ ಟೀಚರ್ ಇದ್ದು ಇದನ್ನ ಮೈಮ್ಯಾಲೆ ಹಾಕ್ಕೊಂಡೀರಲ್ಲ, ಅದ ದೊಡ್ಡ ಆಸ್ತಿ. ಕಂಪ್ಯೂಟರ್ ಟೀಚರ್ ಬರಲಿ ಅಂತ ಕಾಯಬ್ಯಾಡ್ರಿ.

ಇನ್ನೊಂದು ಮಾತು, ವರ್ಡು ಟೈಪಿಂಗು ಅಂದ್ರ ಕೀಳಾಗಿ ನೋಡಬ್ಯಾಡ್ರಿ. ಸರ್ಕಾರದ ಎಸ್‌ಎಸ್‌ಪಿ ವೆಬ್‌ಸೈಟಿನ್ಯಾಗ ಸ್ಕಾಲರ್‌ಶಿಪ್ ಅರ್ಜಿ ತುಂಬಾಕ ನಮ್ಮ ಮಕ್ಕಳು ಇವತ್ತಿಗೂ ಸೈಬರ್ ಸೆಂಟರಿಗೆ ರೊಕ್ಕ ಕೊಟ್ಟು ಕುಂದರ್ತಾರ. ತಮ್ಮ ಅರ್ಜಿ ತಾವ ತುಂಬೂದು, ಪಾಸ್‌ವರ್ಡ್ ಯಾರಿಗೂ ಹೇಳದ ಇಟ್ಕೊಳ್ಳೂದು, ಎಲ್ಲಾ ಮಶೀನಿನ್ಯಾಗೂ ಓದಾಕ ಬರೂ ಯೂನಿಕೋಡಿನ್ಯಾಗ ಕನ್ನಡ ಟೈಪ್ ಮಾಡೂದು, ಇಷ್ಟು ಬಂದ್ರ ಮನಿಮಂದಿಗೆಲ್ಲ ಉಪಯೋಗ.

---

ಲೆಕ್ಕದ ಟೀಚರ್ (ಹಾವೇರಿ ಜಿಲ್ಲೆ)

ಇಬ್ಬರಿಗೂ ತುಂಬಾ ಥ್ಯಾಂಕ್ಸ್. ಕನ್ನಡದಲ್ಲೇ ಪುಸ್ತಕ ಇದೆ ಅನ್ನೋದು ನಿಜಕ್ಕೂ ಗೊತ್ತಿರಲಿಲ್ಲ, ಇವತ್ತೇ ಹುಡುಕ್ತೀನಿ. ಇನ್ನೆರಡು ಪ್ರಶ್ನೆ. ಒಂದು, ನಾಲ್ಕು ಮಕ್ಕಳಿಗೆ ಒಂದು ಲ್ಯಾಪ್‌ಟಾಪ್ ಬರುತ್ತೆ, ಹುಡುಗರು ಮೌಸ್ ಹಿಡಿದ್ರೆ ಬಿಡಲ್ಲ, ಹುಡುಗೀರು ಹಿಂದೆ ನಿಂತು ನೋಡ್ತಾರೆ. ಎರಡು, ಪೈಥಾನ್ ಅಂದ್ರೆ ಎಲ್ಲಾ ಇಂಗ್ಲಿಷ್ ಅಲ್ವಾ, 8ನೇ ಕ್ಲಾಸಲ್ಲಿ ಇಂಗ್ಲಿಷ್ ಓದೋಕೇ ಕಷ್ಟಪಡೋ ಮಕ್ಕಳಿದಾರೆ.

---

ಪಿಯು ಲೆಕ್ಚರರ್, ಮೈಸೂರು

ಎರಡನೇ ಪ್ರಶ್ನೆಗೆ ನಾನು ಹೇಳ್ತೀನಿ. ಪಿಯುನಲ್ಲಿ ಕಂಪ್ಯೂಟರ್ ಸೈನ್ಸ್ ತಗೋತೀನಿ, ಪ್ರತಿ ಜೂನಲ್ಲೂ ಕನ್ನಡ ಮೀಡಿಯಂ ಮಕ್ಕಳು ಹೆದರ್ಕೊಂಡೇ ಬರ್ತಾರೆ, ಆದ್ರೆ ಅವರು ಸೋಲೋದು ಇಂಗ್ಲಿಷಿಂದ ಅಲ್ಲ ಕಣ್ರೀ. ಪೈಥಾನಲ್ಲಿ ಶುರುವಿಗೆ ಬೇಕಾಗೋದು ಪ್ರಿಂಟ್, ಇನ್‌ಪುಟ್, ಇಫ್, ಎಲ್ಸ್, ಫಾರ್, ವೈಲ್ ಇಷ್ಟೇ, ಇದನ್ನ ಒಂದು ವಾರದಲ್ಲಿ ಬಾಯಿಪಾಠ ಮಾಡ್ಕೋತಾರೆ. ಕಷ್ಟ ಆಗೋದು ಒಂದು ಕೆಲಸವನ್ನ ಸಣ್ಣ ಸಣ್ಣ ಹೆಜ್ಜೆ ಮಾಡಿ ಸಾಲಾಗಿ ಹೇಳೋದು. ಅದನ್ನ ಯಾವ ಕ್ಲಾಸಲ್ಲೂ ಯಾರೂ ಅವರಿಂದ ಮಾಡಿಸಿರಲ್ಲ.

ಮತ್ತೆ ಪೈಥಾನ್ 3ರಲ್ಲಿ ವೇರಿಯಬಲ್ (ಬೆಲೆ ಇಟ್ಕೊಳ್ಳೋ ಜಾಗ) ಹೆಸರು ಕನ್ನಡದಲ್ಲೇ ಇಡಬಹುದು, ಇದು ತುಂಬಾ ಜನಕ್ಕೆ ಗೊತ್ತಿಲ್ಲ. ಮೊತ್ತ ಅಂತ ಹೆಸರು ಕೊಟ್ಟು ಅದಕ್ಕೆ 10 ಹಾಕಿದ್ರೆ ತಕರಾರಿಲ್ಲದೆ ನಡೆಯುತ್ತೆ. ಇನ್‌ಪುಟ್ಟಲ್ಲಿ ಮಗು ಕನ್ನಡ ಅಂಕಿಯಲ್ಲಿ ೧೨ ಅಂತ ಟೈಪ್ ಮಾಡಿದ್ರೂ ಟೈಪ್ ಮಾಡಿದ್ದನ್ನ ಸಂಖ್ಯೆ ಮಾಡೋ ಇಂಟ್ ಫಂಕ್ಷನ್ ಅದನ್ನ ಹನ್ನೆರಡು ಅಂತಲೇ ತಗೊಳ್ಳುತ್ತೆ, ಕೋಡಿನ ಒಳಗೆ ನೇರ ಬರೆಯೋ ಸಂಖ್ಯೆ ಮಾತ್ರ ಇಂಗ್ಲಿಷ್ ಅಂಕಿಯಲ್ಲೇ ಇರ್ಬೇಕು. ಉದ್ದ ಎಣಿಸೋ ಲೆನ್ ಫಂಕ್ಷನ್ನಿಗೆ ಕನ್ನಡ ಅನ್ನೋ ಪದ ಕೊಟ್ಟು ನೋಡಿ, 5 ಅಂತ ಬರುತ್ತೆ. ಮಕ್ಕಳು ಮೂರೇ ಅಕ್ಷರ ಇದೆಯಲ್ಲ ಅಂತ ಜಗಳಕ್ಕೆ ಬರ್ತಾರೆ. ಆಗ ಬೋರ್ಡ್ ಮೇಲೆ ಬಿಡಿಸಿ ತೋರ್ಸಿ: ಕ, ನ, ಅರ್ಧಾಕ್ಷರದ ಚಿಹ್ನೆ, ಇನ್ನೊಂದು ನ, ಡ. ಕಂಪ್ಯೂಟರ್ ಅಕ್ಷರವನ್ನ ಹೇಗೆ ಇಟ್ಕೊಳ್ಳುತ್ತೆ ಅನ್ನೋ ಪಾಠಕ್ಕೆ ಇದಕ್ಕಿಂತ ಒಳ್ಳೇ ಬಾಗಿಲು ನಂಗೆ ಸಿಕ್ಕಿಲ್ಲ.

ನೀವು ಗಣಿತದೋರು, ನಿಮಗೆ ಟರ್ಟಲ್ ಇದೆ, ಮುಂದೆ ಹೋಗು, ಇಷ್ಟು ತಿರುಗು ಅಂತ ಹೇಳಿ ಪರದೆ ಮೇಲೆ ಗೆರೆ ಬರೆಸೋದು. ಪೈಥಾನ್ ಜೊತೆಗೇ ಬರುತ್ತೆ, ಇಂಟರ್‌ನೆಟ್ ಬೇಡ. ಸಮಬಾಹು ತ್ರಿಭುಜ ಬರೆಸಿ ಅಂದ್ರೆ ಕ್ಲಾಸಲ್ಲಿ ಮುಕ್ಕಾಲು ಪಾಲು ಮಕ್ಕಳು 60 ಡಿಗ್ರಿ ತಿರುಗಿಸ್ತಾರೆ, ಯಾಕಂದ್ರೆ ಪುಸ್ತಕದಲ್ಲಿ ಕೋನ 60 ಅಂತಿದೆ. ಪರದೆ ಮೇಲೆ ತ್ರಿಭುಜ ಬರಲ್ಲ, ಅರ್ಧ ಷಡ್ಭುಜ ಬಾಯಿ ತೆರ್ಕೊಂಡು ನಿಲ್ಲುತ್ತೆ. ಉತ್ತರ ಹೇಳ್ಬೇಡಿ, ಒಬ್ಬ ಹುಡುಗನನ್ನ ನೆಲದ ಮೇಲೆ ಸೀಮೆಸುಣ್ಣದ ತ್ರಿಭುಜದ ಸುತ್ತ ನಡೆಸಿ, ಮೂಲೆಯಲ್ಲಿ ಅವನು ಎಷ್ಟು ತಿರುಗ್ತಾನೆ ಅಂತ ಉಳಿದೋರು ನೋಡ್ಲಿ. 120 ಅಂತ ಅವರೇ ಹೇಳ್ತಾರೆ. ಅಲ್ಲಿಂದ ಚೌಕ, ಪಂಚಭುಜ, 360ನ್ನ ಬಾಹುಗಳ ಸಂಖ್ಯೆಯಿಂದ ಭಾಗಿಸಿದ್ರೆ ಸಾಕು ಅನ್ನೋ ನಿಯಮ, ಆಮೇಲೆ ಅದೇ ಹೆಜ್ಜೆನ ಮತ್ತೆ ಮತ್ತೆ ಮಾಡಿಸೋ ಲೂಪ್. ಬಹುಭುಜದ ಹೊರಕೋನ ನೀವು ಹೇಗೂ ಮಾಡ್ಲೇಬೇಕಲ್ಲ, ಎರಡೂ ಒಟ್ಟಿಗೆ ಆಯ್ತು.

---

ಬೆಂಗಳೂರಲ್ಲಿ ಕೋಡ್ ಬರೆಯೋನು

ನಾನು ಚಿತ್ರದುರ್ಗ ಕಡೆ ಸರ್ಕಾರಿ ಶಾಲೆಯಲ್ಲೇ ಓದಿದ್ದು. ಸರ್ ಹೇಳಿದ್ದಕ್ಕೆ ಒಂದು ಸೇರಿಸ್ತೀನಿ, ಅರ್ಧ ಕ್ಲಾಸು ಲ್ಯಾಪ್‌ಟಾಪಲ್ಲಿ ಇರುವಾಗ ಉಳಿದ ಅರ್ಧ ಸುಮ್ನೆ ಕೂರ್ಬೇಕಾಗಿಲ್ಲ. ಕಂಪ್ಯೂಟರೇ ಇಲ್ಲದೆ ಕಂಪ್ಯೂಟರ್ ಸೈನ್ಸ್ ಕಲಿಸೋ ಅನ್‌ಪ್ಲಗ್ಡ್ ಅನ್ನೋ ಚಟುವಟಿಕೆಗಳಿವೆ, ನ್ಯೂಜಿಲೆಂಡಿನ ಕ್ಯಾಂಟರ್‌ಬರಿ ವಿಶ್ವವಿದ್ಯಾಲಯದೋರು ಮಾಡಿದ್ದು, ಪುಕ್ಕಟೆ ಸಿಗುತ್ತೆ. ಐದು ಮಕ್ಕಳ ಕೈಯಲ್ಲಿ 16, 8, 4, 2, 1 ಚುಕ್ಕೆ ಇರೋ ರಟ್ಟಿನ ಕಾರ್ಡ್ ಕೊಟ್ಟು ಸಾಲಾಗಿ ನಿಲ್ಲಿಸಿ. 19 ಬೇಕು ಅಂದ್ರೆ 16, 2, 1 ತೋರಿಸ್ತಾರೆ, ಉಳಿದೋರು ಕಾರ್ಡ್ ತಿರುಗಿಸಿ ಹಿಡಿತಾರೆ. 31ರವರೆಗೆ ಯಾವ ಸಂಖ್ಯೆ ಬೇಕಾದ್ರೂ ಬರುತ್ತೆ, 32 ಕೇಳಿ ನೋಡಿ, ಇನ್ನೊಬ್ಬರು ಬೇಕು ಅಂತ ಮಕ್ಕಳೇ ಕೂಗ್ತಾರೆ. ಬೈನರಿ ಅನ್ನೋ ಹೆಸರನ್ನ ಆಮೇಲೆ ಹೇಳಿದ್ರಾಯ್ತು.

ಇನ್ನೊಂದು, 1ರಿಂದ 1000ದ ಒಳಗೆ ಒಂದು ಸಂಖ್ಯೆ ಮನಸಲ್ಲಿ ಇಟ್ಕೊಳ್ಳಿ, ಹೆಚ್ಚೋ ಕಮ್ಮಿಯೋ ಅಂತ ಮಾತ್ರ ಹೇಳಿ. ಮೊದಲು ಬಾಯಿಗೆ ಬಂದದ್ದು ಕೇಳ್ತಾರೆ, ನಿಧಾನಕ್ಕೆ ಯಾರೋ ಒಬ್ರು 500 ಅಂತ ಶುರು ಮಾಡ್ತಾರೆ. ಪ್ರತಿಸಲ ಅರ್ಧ ಮಾಡ್ತಾ ಹೋದ್ರೆ ಹತ್ತು ಸಲದ ಒಳಗೆ ಸಿಕ್ಕೇ ಸಿಗುತ್ತೆ, ಯಾಕೆ ಹತ್ತು ಅನ್ನೋದು ನೀವು ಘಾತಾಂಕ ಮಾಡುವಾಗ ತೋರಿಸ್ಬಹುದು. ನಾನು ಕೆಲಸದಲ್ಲಿ ಇದೇ ಬೈನರಿ ಸರ್ಚನ್ನ ಇವತ್ತಿಗೂ ಬಳಸ್ತೀನಿ.

---

ರೆಡಿಂಗ್‌ನಲ್ಲಿರೋ ಅಮ್ಮ

ನಾನು ಶಿವಮೊಗ್ಗದವಳು, ಈಗ ಇಂಗ್ಲೆಂಡಿನ ರೆಡಿಂಗಲ್ಲಿ ಇದೀವಿ. ಆಫೀಸಾ ಕೋಡಿಂಗಾ ಅನ್ನೋ ಚರ್ಚೆ ಇಲ್ಲೂ ದೊಡ್ಡದಾಗಿ ನಡೆದಿದೆ, ಅದಕ್ಕೇ ಬರೀತಿದೀನಿ. ಇಲ್ಲಿ ಮೊದಲು ಐಸಿಟಿ ಅಂತ ಸಬ್ಜೆಕ್ಟ್ ಇತ್ತು, ವರ್ಡು ಪವರ್‌ಪಾಯಿಂಟೇ ಜಾಸ್ತಿ. 2012ರಲ್ಲಿ ರಾಯಲ್ ಸೊಸೈಟಿ ಅದನ್ನ ಗಟ್ಟಿಯಾಗಿ ಟೀಕಿಸಿ ವರದಿ ಕೊಡ್ತು, 2014ರ ಸೆಪ್ಟೆಂಬರಿಂದ ಐಸಿಟಿ ಹೋಗಿ ಕಂಪ್ಯೂಟಿಂಗ್ ಬಂತು, ಐದು ವರ್ಷದ ಮಕ್ಕಳಿಂದಲೇ ಆಲ್ಗರಿದಮ್, ಅಂದ್ರೆ ಕೆಲಸವನ್ನ ಹೆಜ್ಜೆ ಹೆಜ್ಜೆಯಾಗಿ ಹೇಳೋದು. ಚೆನ್ನಾಗೇ ಇದೆ, ನನ್ನ ಮಗಳು ಖುಷಿಯಿಂದ ಮಾಡ್ತಾಳೆ. ಆದ್ರೆ ಟೀಚರ್‌ಗಳಿಗೆ ಸಾಕಷ್ಟು ತಯಾರಿ ಇರಲಿಲ್ಲ ಅಂತ ಅದೇ ರಾಯಲ್ ಸೊಸೈಟಿ 2017ರಲ್ಲಿ ಮತ್ತೆ ವರದಿ ಬರೀತು, ಆಮೇಲೆ ಸರ್ಕಾರ ಟೀಚರ್ ತರಬೇತಿಗೆ ಅಂತಲೇ ಒಂದು ರಾಷ್ಟ್ರೀಯ ಕೇಂದ್ರ ಮಾಡ್ಬೇಕಾಯ್ತು. ಹಳೇ ಐಸಿಟಿ ಪರೀಕ್ಷೆಯನ್ನ ಪೂರ್ತಿ ತೆಗೆದುಬಿಟ್ಟ ಮೇಲೆ 16ನೇ ವಯಸ್ಸಿನ ಪರೀಕ್ಷೆಗೆ ಕಂಪ್ಯೂಟರ್ ವಿಷಯ ತಗೊಳ್ಳೋ ಹುಡುಗೀರ ಸಂಖ್ಯೆ ಬಿದ್ದೋಯ್ತು. ಕಂಪ್ಯೂಟರ್ ಸೈನ್ಸಿಗೆ ಕೂರೋರಲ್ಲಿ ಹುಡುಗೀರು ಐದರಲ್ಲಿ ಒಂದು ಪಾಲು ಅಷ್ಟೇ. ಹಾಗಾಗಿ ಹಳೇದನ್ನ ಒಂದೇಟಿಗೆ ಕಿತ್ತಾಕ್ಬೇಡಿ ಅಂತೀನಿ. ಅರ್ಜಿ ತುಂಬೋದೂ ಇರ್ಲಿ, ಟರ್ಟಲ್ಲೂ ಇರ್ಲಿ.

ಮೌಸ್ ವಿಷಯಕ್ಕೆ ಇಲ್ಲಿ ಜೋಡಿ ಪದ್ಧತಿ ಮಾಡ್ತಾರೆ. ಒಬ್ರು ಕೀಬೋರ್ಡ್ ಮುಟ್ಟೋರು, ಒಬ್ರು ಏನು ಮಾಡ್ಬೇಕು ಅಂತ ಬಾಯಲ್ಲಿ ಹೇಳೋರು, ಹೇಳೋರು ಮುಟ್ಟೋ ಹಾಗಿಲ್ಲ, ಮುಟ್ಟೋರು ಸ್ವಂತ ಬುದ್ಧಿ ಓಡಿಸೋ ಹಾಗಿಲ್ಲ. ಹತ್ತು ನಿಮಿಷಕ್ಕೆ ಬೆಲ್ ಹೊಡೆದು ಅದಲುಬದಲು. ಮೊದಲ ಕೆಲವು ವಾರ ಹುಡುಗೀರ ಜೋಡಿ ಬೇರೆ, ಹುಡುಗರ ಜೋಡಿ ಬೇರೆ ಮಾಡಿ, ಕೈ ಕುದುರಿದ ಮೇಲೆ ಬೆರೆಸಿ.

---

ಲೆಕ್ಕದ ಟೀಚರ್ (ಹಾವೇರಿ ಜಿಲ್ಲೆ)

ಇಷ್ಟೆಲ್ಲಾ ಟೈಮ್ ತಗೊಂಡು ಬರೆದಿದ್ದಕ್ಕೆ ಹೇಗೆ ಥ್ಯಾಂಕ್ಸ್ ಹೇಳ್ಬೇಕೋ ಗೊತ್ತಾಗ್ತಿಲ್ಲ. ಹೀಗೆ ಮಾಡೋಣ ಅಂತಿದೀನಿ: ಪ್ರತಿ ಪೀರಿಯಡ್ಡಲ್ಲೂ ಅರ್ಧ ಕ್ಲಾಸು ಜೋಡಿ ಜೋಡಿಯಾಗಿ ಲ್ಯಾಪ್‌ಟಾಪಲ್ಲಿ, ಅರ್ಧ ಕಾರ್ಡ್ ಆಟದಲ್ಲಿ, ಮುಂದಿನ ಪೀರಿಯಡ್ ಅದಲುಬದಲು. 8ನೇ ಕ್ಲಾಸಿಗೆ ಮೊದಲು ಸ್ಕ್ರ್ಯಾಚ್, 9ನೇ ಕ್ಲಾಸಿಗೆ ಟರ್ಟಲ್. ಸ್ಕಾಲರ್‌ಶಿಪ್ ಅರ್ಜಿ ಬಿಡೋ ತಿಂಗಳಲ್ಲಿ ಅದೇ ಪಾಠ. ಲ್ಯಾಪ್‌ಟಾಪಲ್ಲಿ 4 ಜಿಬಿ ರ‍್ಯಾಮ್ ಇದೆ, ವಿಂಡೋಸ್ ತುಂಬಾ ನಿಧಾನ, ಶಾಲೆಯಲ್ಲಿ ನೆಟ್ ಇಲ್ಲ. ಏನು ಹಾಕ್ಲಿ?

---

ಕುಂಬಳೆ ಮೇಷ್ಟ್ರು

ಲುಬುಂಟು ಅಥವಾ ಕ್ಸುಬುಂಟು ಹಾಕಿ ಮೇಡಂ, ಉಬುಂಟು ಲಿನಕ್ಸಿನ ಹಗುರ ರೂಪಗಳು, 4 ಜಿಬಿಗೆ ಆರಾಮ ಓಡ್ತದೆ. ಸ್ಕ್ರ್ಯಾಚಿನವರು ತಮ್ಮ ಹೊಸ ಆ್ಯಪನ್ನು ಲಿನಕ್ಸಿಗೆ ಕೊಡುವುದಿಲ್ಲ, ಅದರ ಬದಲಿಗೆ ಟರ್ಬೋವಾರ್ಪ್ ಡೆಸ್ಕ್‌ಟಾಪ್ ಹಾಕಿಕೊಳ್ಳಿ, ಅದೇ ಬ್ಲಾಕುಗಳು, ನೆಟ್ ಇಲ್ಲದೆ ನಡೆಯುತ್ತದೆ. ಪೈಥಾನ್ ಉಬುಂಟುವಿನಲ್ಲಿ ಇದ್ದೇ ಇರ್ತದೆ, ಆದ್ರೆ ಟರ್ಟಲ್ಲಿಗೆ ಬೇಕಾದ ಟಿಕಿಂಟರ್ ಪ್ಯಾಕೇಜು ಬೇರೆಯಾಗಿ ಹಾಕಬೇಕು, ಅದನ್ನು ಮರೆತರೆ ಕ್ಲಾಸಿನ ದಿನ ಎರರ್ ಬರ್ತದೆ. ಎಲ್ಲವನ್ನೂ ಮನೆಯಲ್ಲಿ ಮೊಬೈಲ್ ಹಾಟ್‌ಸ್ಪಾಟಿನಲ್ಲಿ ಒಂದು ಮಶೀನಿಗೆ ಹಾಕಿ ಪರೀಕ್ಷೆ ಮಾಡಿ, ಆಮೇಲೆ ಇಡೀ ಡಿಸ್ಕನ್ನು ನಕಲು ತೆಗೆಯುವ ಕ್ಲೋನ್‌ಜಿಲ್ಲಾದಿಂದ ಉಳಿದ ಒಂಬತ್ತಕ್ಕೂ ನಕಲು ಮಾಡಿ. ಸೆಕೆಂಡ್ ಹ್ಯಾಂಡ್ ಅಂದ್ರಿ ಅಲ್ವಾ, ಬ್ಯಾಟರಿ ಉಬ್ಬಿದ್ದು ಯಾವುದಾದರೂ ಇದ್ರೆ ಮಕ್ಕಳ ಕೈಗೆ ಕೊಡಬೇಡಿ, ಮೊದಲು ಅದನ್ನು ತೆಗೆಸಿ. ಕ್ಲೋನ್ ಮಾಡುವಾಗ ಏನಾದರೂ ಸಿಕ್ಕಿಹಾಕಿಕೊಂಡ್ರೆ ಪರದೆಯ ಫೋಟೋ ಇಲ್ಲೇ ಹಾಕಿ, ನಾನು ಸಂಜೆ ಹೊತ್ತು ನೋಡ್ತೇನೆ.